ಹತ್ತನೇ ಪರೀಕ್ಷೆ ಅರ್ಧಕ್ಕೆ ಬಂದಿದೆ, ಮಗ ಈಗಲೇ ಸೋತು ಕೂತಿದ್ದಾನೆ. ಉಳಿದ ದಿನ ಹೇಗೆ ದಾಟಿಸೋದು?

ಡೊಂಬಿವಲಿ ಅಮ್ಮ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮಗನದ್ದು ಈ ವರ್ಷ ಎಸ್‌ಎಸ್‌ಸಿ, ಮಹಾರಾಷ್ಟ್ರ ಬೋರ್ಡಿನ ಹತ್ತನೇ ಪರೀಕ್ಷೆ. ಭಾಷೆಯ ಪೇಪರು ಮೂರೂ ಆದವು. ಬುಧವಾರ ಗಣಿತ ಭಾಗ 1 (ಬೀಜಗಣಿತ), ಶುಕ್ರವಾರ ಭಾಗ 2 (ಭೂಮಿತಿ, ಅಂದ್ರೆ ರೇಖಾಗಣಿತ). ಆಮೇಲೆ ವಿಜ್ಞಾನದ ಎರಡು, ಇತಿಹಾಸ, ಕಡೆಗೆ ಭೂಗೋಳ.

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ, ಪ್ರಿಲಿಮ್ ಹೊತ್ತಿಗೆ ಎಷ್ಟು ಚುರುಕಾಗಿದ್ದ ಅಂದ್ರೆ ನಾನೇ "ಸಾಕು ಮಲಗೋ" ಅಂತ ಪುಸ್ತಕ ಮುಚ್ಚಿಸ್ತಿದ್ದೆ. ನಿನ್ನೆ ಹಿಂದಿ ಪೇಪರ್ ಮುಗಿಸಿ ಬಂದವನು ಶೂ ಕೂಡ ಬಿಚ್ಚದೆ ಗೋಡೆಗೊರಗಿ ಕೂತುಬಿಟ್ಟ. ಹಣೆ ಮುಟ್ಟಿ ನೋಡಿದೆ, ಜ್ವರ ಇಲ್ಲ. ಅನ್ನ ಕಲಸಿ ಕೊಟ್ಟರೆ ನಾಲ್ಕು ತುತ್ತಿಗೆ ಕೈ ತೊಳೆದ. ರಾತ್ರಿ ಒಂದೂವರೆ ತನಕ ದೀಪ ಹಾಕ್ಕೊಂಡು ಕೂತಿರ್ತಾನೆ. ಹನ್ನೆರಡಕ್ಕೆ ನಾನು ನೀರು ಕುಡಿಯೋಕೆ ಎದ್ದಾಗ ಯಾವ ಪುಟ ತೆರೆದಿತ್ತೋ, ಒಂದು ಗಂಟೆಗೆ ಎದ್ದಾಗಲೂ ಅದೇ ಪುಟ.

ನಮ್ಮದು ಒನ್ ಬಿಎಚ್‌ಕೆ, ಅತ್ತೆ ಮಾವ ಜೊತೆಗಿದ್ದಾರೆ. ಟಿವಿ ಜನವರಿಯಿಂದ ಬಂದ್. ಯಜಮಾನರು ರಾತ್ರಿ ಒಂಬತ್ತೂವರೆಗೆ ಲೋಕಲ್ ಇಳಿದು ಬರ್ತಾರೆ, ಕೈಕಾಲು ತೊಳೆದ ಕೂಡಲೇ ಅವತ್ತಿನ ಪ್ರಶ್ನೆಪತ್ರಿಕೆ ಕೇಳ್ತಾರೆ. ಒಂದೊಂದು ಪ್ರಶ್ನೆಯ ಪಕ್ಕಕ್ಕೂ ಎಷ್ಟು ಅಂಕ ಬರಬಹುದು ಅಂತ ಪೆನ್ಸಿಲಲ್ಲಿ ಬರೀತಾರೆ. ಪ್ರೀತಿಯಿಂದಲೇ ಮಾಡೋದು, ನನಗೆ ಗೊತ್ತು. ಆದ್ರೆ ಆ ಅರ್ಧ ಗಂಟೆ ಆದಮೇಲೆ ಹುಡುಗನ ಮುಖ ನೋಡೋಕಾಗಲ್ಲ.

ಮಕ್ಕಳನ್ನು ಈ ದಿನಗಳಲ್ಲಿ ದಾಟಿಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಮುಲುಂಡಿನವ · ಭಾನುವಾರ ರಾತ್ರಿ 9:45

ಅಕ್ಕ, ನನ್ನ ಮಗಳು 2024ರಲ್ಲಿ ಬರೆದಳು. ಆ ವರ್ಷ ಮಾರ್ಚ್ 1ಕ್ಕೆ ಶುರುವಾಗಿ 26ಕ್ಕೆ ಭೂಗೋಳದೊಂದಿಗೆ ಮುಗಿದದ್ದು. ಅವಳು ನಿಮ್ಮ ಮಗನ ಹಾಗೇ ಗಣಿತದ ಹೊತ್ತಿಗೆ ಬಾಡಿಹೋದಾಗ ನಾನು ಕೂತು ಒಂದು ಲೆಕ್ಕ ಹಾಕಿದೆ. ಭಾಷೆ ಮೂರಕ್ಕೆ ತಲಾ ಮೂರು ಗಂಟೆ, ಗಣಿತ ವಿಜ್ಞಾನ ಸಮಾಜ ಸೇರಿ ಆರು ಪೇಪರಿಗೆ ಎರಡೆರಡು ಗಂಟೆ. ಒಟ್ಟು 21 ಗಂಟೆ. ಇಪ್ಪತ್ತಾರು ದಿನದಲ್ಲಿ ಮಗು ಬರೆಯೋದು ಒಂದು ಹಗಲು ಒಂದು ರಾತ್ರಿಗಿಂತಲೂ ಕಡಿಮೆ! ಮಿಕ್ಕಿದ್ದೆಲ್ಲ ನಡುವಿನ ದಿನ. ನಾವು ಪೇಪರಿನ ದಿನ ಮೊಸರು ಸಕ್ಕರೆ ಕೊಟ್ಟು, ದೇವರಿಗೆ ಕೈ ಮುಗಿಸಿ, ಸ್ಕೂಟರಲ್ಲಿ ಕೂರಿಸಿಕೊಂಡು ಹೋಗ್ತೇವೆ. ನಡುವಿನ ದಿನಗಳಲ್ಲಿ ಮಗು ಎಷ್ಟೊತ್ತಿಗೆ ಎದ್ದಿತು, ಏನು ತಿಂದಿತು ಅಂತ ಯಾರೂ ನೋಡೋದಿಲ್ಲ. ನನ್ನ ಮಗಳು ಸೊರಗಿದ್ದು ಅಲ್ಲೇ.

ಆಮೇಲೆ ನಾವು ಒಂದೇ ಒಂದು ಬದಲಾವಣೆ ಮಾಡಿದ್ದು. ಪೇಪರ್ ಇರಲಿ ಇಲ್ಲದಿರಲಿ, ಏಳೋದು, ತಿನ್ನೋದು, ಮಲಗೋದು ಒಂದೇ ಹೊತ್ತಿಗೆ. ಮೊದಲ ಎರಡು ದಿನ ಅವಳಿಗೆ ಸಮಯ ವ್ಯರ್ಥ ಆಯ್ತು ಅಂತ ಅಳು ಬಂತು. ಮೂರನೇ ದಿನದಿಂದ ತಾನಾಗಿ ಹಸಿವು ಶುರುವಾಯ್ತು.

ಇನ್ನೊಂದು. ಆ ವರ್ಷ 25ಕ್ಕೆ ಧೂಳಿವಂದನ (ಹೋಳಿಯ ಮರುದಿನ ಬಣ್ಣ ಆಡೋದು), 26ಕ್ಕೆ ಪೇಪರು. ಹೋಳಿ ರಾತ್ರಿ ಸೊಸೈಟಿಯಲ್ಲಿ ಸ್ಪೀಕರ್ ಕಟ್ಟಿದ್ರು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಕೂಡದು ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ಆದರೆ ನಾನು ನಿಯಮ ಹೇಳಲಿಲ್ಲ. ಸಂಜೆಯೇ ಹೋಗಿ ಆ ಹುಡುಗರ ಹತ್ರ "ನಮ್ಮ ಬಿಲ್ಡಿಂಗಲ್ಲಿ ಮೂರು ಮಕ್ಕಳದ್ದು ಕೊನೇ ಪೇಪರ್ ಉಳಿದಿದೆ" ಅಂದೆ. ಹತ್ತು ಗಂಟೆಗೆ ಅವರೇ ಬಂದ್ ಮಾಡಿದ್ರು. ಮೊದಲೇ ಕೇಳಿದರೆ ಜನ ಕೇಳ್ತಾರೆ, ಅಕ್ಕ.

ಚಿಂಚವಡದಾಂವ · ಭಾನುವಾರ ರಾತ್ರಿ 10:15

ಅಕ್ಕಾರ, ನಾ ಬ್ಯಾರೆ ಮಾತ ಹೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಾವು ಒಂದ ಖೋಲ್ಯಾಗ ಏಳ ಮಂದಿ ಇದ್ವಿ. ಎಲ್ಲಾರೂ ಮಲಗಿದ ಮ್ಯಾಲೆನ ನನಗ ಓದಾಕ ಜಾಗಾ ಸಿಗೂದು. ಥರ್ಮಾಸಿನಾಗ ಚಹಾ ಇಟಗೊಂಡು ಮೂರರ ತನಕ ಕೂಡ್ತಿದ್ದೆ. ಪಾಸ್ ಆದೆ, ಡಿಪ್ಲೊಮಾ ಮಾಡಿದೆ, ಇವತ್ತ ಫ್ಯಾಕ್ಟರಿಯೊಳಗ ಸೂಪರ್‌ವೈಸರ್ ಅದೀನಿ. ಹೊತ್ತಿಗೆ ಸರಿಯಾಗಿ ಮಲಗ್ರಿ ಅನ್ನೂದು ದೊಡ್ಡ ಮನಿ ಇದ್ದವರಿಗೆ ಛಂದ. ಸಣ್ಣ ಮನಿಯೊಳಗ ರಾತ್ರಿ ಬಿಟ್ರ ಹುಡುಗ ಎಲ್ಲಿ ಹೋಗಬೇಕ್ರಿ?

ಠಾಣೆ ಡಾಕ್ಟರ್ · ಭಾನುವಾರ ರಾತ್ರಿ 11:05

ಚಿಂಚವಡದ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳದೆ ನಿದ್ದೆ ಮಾಡಿ ಅಂದರೆ ಅನ್ಯಾಯ. ಮೊದಲು ನಿದ್ದೆಯ ವಿಷಯ ಹೇಳ್ತೇನೆ, ಆಮೇಲೆ ಜಾಗದ ವಿಷಯ.

ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಮೈಯಲ್ಲಿ ಏರೋದೇ ತಡ. ಹಾಗಾಗಿ ಒಂಬತ್ತಕ್ಕೆ ಮಲಗು ಅಂದರೆ ಮಗು ಮಲಗೋದಿಲ್ಲ, ಅದು ಹಟ ಅಲ್ಲ. ಹತ್ತೂವರೆಯಿಂದ ಆರೂವರೆ ಹೆಚ್ಚಿನ ಮಕ್ಕಳಿಗೆ ಸಾಧ್ಯವಾಗುವ ಹೊತ್ತು.

ಎಚ್ಚರ ಇದ್ದಷ್ಟು ಹೊತ್ತು ಮಿದುಳಲ್ಲಿ ಅಡಿನೊಸಿನ್ ಅನ್ನೋ ವಸ್ತು ಸೇರ್ತಾ ಹೋಗ್ತದೆ. ನಿದ್ದೆಯ ಭಾರ ಅಂತ ನಮಗೆ ಅನಿಸೋದು ಹೆಚ್ಚಾಗಿ ಅದರಿಂದ. ಚಹಾ ಕಾಫಿಯ ಕೆಫೀನ್ ಆ ಭಾರವನ್ನು ಇಳಿಸೋದಿಲ್ಲ, ಮಿದುಳಿಗೆ ಗೊತ್ತಾಗದ ಹಾಗೆ ಅಡ್ಡ ನಿಲ್ತದೆ ಅಷ್ಟೇ. ಕುಡಿದು ಸುಮಾರು ಐದು ಗಂಟೆ ಆದರೂ ಅದರ ಅರ್ಧ ಮೈಯಲ್ಲೇ ಇರ್ತದೆ. ರಾತ್ರಿ ಹತ್ತಕ್ಕೆ ಕುಡಿದ ಲೋಟ ಮೂರು ಗಂಟೆಗೂ ಪೂರ್ತಿ ಹೋಗಿರೋದಿಲ್ಲ. ಎನರ್ಜಿ ಡ್ರಿಂಕ್ ಅಂತೂ ಬೇಡವೇ ಬೇಡ. ಮಕ್ಕಳಿಗೆ ತಕ್ಕದ್ದಲ್ಲ ಅಂತ ಡಬ್ಬಿಯ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರ್ತದೆ, ತಿರುಗಿಸಿ ಓದಿ.

ಹಗಲು ಓದಿದ್ದು ಗಟ್ಟಿಯಾಗಿ ಕೂರೋದು ನಿದ್ದೆಯಲ್ಲಿ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ಕಲಿತು ಮಲಗಿದಾಗ, ಕಲಿತು ಅಷ್ಟೇ ಹೊತ್ತು ಎಚ್ಚರ ಇದ್ದಾಗಿನದಕ್ಕಿಂತ ಹೆಚ್ಚು ನೆನಪಿರ್ತಿತ್ತು. ನಿಮ್ಮ ಮಗನ ಒಂದು ಗಂಟೆಯ ಆ ತೆರೆದ ಪುಟ ಇದೆಯಲ್ಲ ತಾಯಿ, ಅದು ಓದು ಅಲ್ಲ. ಎಚ್ಚರವಿರುವ ದಣಿವು. ಅಲ್ಲಿ ಪುಸ್ತಕ ಮುಚ್ಚಿಸಿದರೆ ಏನೂ ಕಳೆದುಹೋಗೋದಿಲ್ಲ.

ಈಗ ಜಾಗ. ಅಭ್ಯಾಸಿಕೆ ಅಂತ ಮುಂಬಯಿ ಪುಣೆ ಎರಡೂ ಕಡೆ ವಾರ್ಡುಗಳಲ್ಲಿ, ವಾಚನಾಲಯಗಳಲ್ಲಿ ಓದುವ ಕೋಣೆ ಇರ್ತದೆ, ಹಣ ಇಲ್ಲ ಅಥವಾ ತಿಂಗಳಿಗೆ ಸ್ವಲ್ಪ. ಇಲ್ಲದಿದ್ದರೆ ದೇವಸ್ಥಾನದ ಸಭಾಗೃಹ, ಬಿಲ್ಡಿಂಗಿನ ಸೊಸೈಟಿ ಆಫೀಸು. ಹಗಲು ಹತ್ತರಿಂದ ಒಂದರ ತನಕ ಕೀಲಿಕೈ ಕೇಳಿ ನೋಡಿ.

ಚಿಂಚವಡದಾಂವ · ಸೋಮವಾರ ಬೆಳಗ್ಗೆ 6:40

ಡಾಕ್ಟರ, ಖರೆ ಹೇಳಬೇಕಂದ್ರ ನನಗ ಒಂದು ನೆನಪಾತು. ಭೂಮಿತಿ ಪೇಪರಿನ ದಿನ ಎರಡ ತಾಸಿನ್ಯಾಗ ಒಂದ ತಾಸ ಕಣ್ಣ ಎಳ್ಯಾಕತ್ತಿದ್ವು. ಬರೋ ಲೆಕ್ಕಾನ ಬಿಟ್ಟ ಬಂದಿದ್ದೆ. ಪಾಸ್ ಆದ್ನಿ ಅಂತ ಇಷ್ಟ ವರ್ಷ ಅದನ್ನ ಮರತ ಬಿಟ್ಟಿದ್ದೆ. ನಮ್ಮ ಓಣ್ಯಾಗ ಮಾರುತಿ ಗುಡಿ ಹಿಂದ ಒಂದು ಖೋಲಿ ಖಾಲಿ ಐತಿ. ಇವತ್ತ ಟ್ರಸ್ಟಿನವರಿಗೆ ಕೇಳ್ತೀನಿ. ನಮ್ಮ ಚಾಳಿನೊಳಗ ಎಸ್‌ಎಸ್‌ಸಿ ಹುಡುಗರು ನಾಕ ಮಂದಿ ಅದಾರ.

ಗಣಿತ ಟೀಚರ್, ವಡಾಳ · ಸೋಮವಾರ ಬೆಳಗ್ಗೆ 8:20

ನಾನು ಮೂವತ್ತು ವರ್ಷ ಇದೇ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು, ಈಗ ನಿವೃತ್ತಿ. ದಣಿವಿಗೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಹೇಳಲಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದೋದು. ಐದನೇ ಸಲ ಕಣ್ಣಾಡಿಸುವಾಗ ಎಲ್ಲ ಗೊತ್ತಿದೆ ಅನಿಸುತ್ತೆ, ಪುಸ್ತಕ ಮುಚ್ಚಿದ ಕೂಡಲೇ ಏನೂ ಇಲ್ಲ ಅನಿಸುತ್ತೆ. ಆ ಹೆದರಿಕೆಯಲ್ಲಿ ಮತ್ತೆ ಪುಸ್ತಕ ತೆರೀತಾರೆ. ಮಕ್ಕಳನ್ನು ಹಿಂಡಿಹಾಕೋದು ಈ ಸುತ್ತು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಕಾಲೇಜು ವಿದ್ಯಾರ್ಥಿಗಳ ಮೇಲೆ ನೋಡಿದ್ದು ಇದನ್ನೇ. ಪಾಠ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ. ನಮ್ಮ ಹಳೇ ಶಾಲೆಗಳಲ್ಲಿ ಪಾಟಿಯ ಮೇಲೆ ಬರೆದು ಒರೆಸಿ ಮತ್ತೆ ಬರೆಸ್ತಿದ್ದರಲ್ಲ, ಅದೇ.

ಹಾಗಾಗಿ ನಾಳೆ ಮಂಗಳವಾರ ಬೆಳಗ್ಗೆ ಸರಿಯಾಗಿ 11ಕ್ಕೆ, ನಿಜವಾದ ಪೇಪರಿನ ಹೊತ್ತಿಗೇ, ಒಂದು ಹಳೇ ಬೀಜಗಣಿತ ಪತ್ರಿಕೆ ಮುಂದಿಡಿ. ಗಡಿಯಾರ ಎದುರಿಗೆ. ಎರಡು ಗಂಟೆ, ಮೇಲೆ ಹತ್ತು ನಿಮಿಷ. ಈಗ ಬೋರ್ಡು ಆ ಹತ್ತು ನಿಮಿಷವನ್ನು ಕೊನೆಯಲ್ಲಿ ಕೊಡುತ್ತೆ, ಮೊದಲಿನ ಹಾಗೆ ಪ್ರಶ್ನೆಪತ್ರಿಕೆ ಮುಂಚೆ ಕೊಡೋದಿಲ್ಲ, ಇದು ಮಕ್ಕಳ ಕೈಗೆ ಅಭ್ಯಾಸ ಆಗಬೇಕು. ತಪ್ಪಾದ ಲೆಕ್ಕ ಎರಡೋ ಮೂರೋ ಇರುತ್ತೆ. ಮಧ್ಯಾಹ್ನ ಆ ಎರಡು ಮೂರನ್ನು ಮಾತ್ರ ಮಾಡಿಸಿ. ವರ್ಗ ಸಮೀಕರಣ ಬಂದಿದ್ದರೆ ಅದನ್ನು ಮುಟ್ಟಬೇಡಿ. ಸಮಾಂತರ ಶ್ರೇಢಿಯಲ್ಲಿ ಎಡವಿದ್ದರೆ ಅದರದೇ ಐದು ಲೆಕ್ಕ. ಸಂಜೆ ಆರಕ್ಕೆ ಅವತ್ತಿನ ಕೆಲಸ ಮುಗೀತು ಅಂತ ಮಗುವಿಗೆ ಗೊತ್ತಾಗಬೇಕು. ಮುಗಿಯುವ ಹೊತ್ತು ಗೊತ್ತಿಲ್ಲದ ಕೆಲಸ ದೊಡ್ಡವರನ್ನೂ ಸೋಲಿಸುತ್ತೆ.

ಭೂಮಿತಿಗೆ ಒಂದು ಸಣ್ಣ ಮಾತು. ಕೈವಾರದ ತಿರುಪು ಸಡಿಲ ಇದೆಯಾ ನೋಡಿ. ವೃತ್ತ ಎಳೆಯುವಾಗ ಅದು ಜಾರಿ ಅಳುತ್ತಾ ಕೂತ ಮಕ್ಕಳನ್ನು ನಾನು ಪರೀಕ್ಷಾ ಕೋಣೆಯಲ್ಲೇ ಕಂಡಿದ್ದೇನೆ.

ಹನ್ನೊಂದನೇ ಹುಡುಗಿ · ಸೋಮವಾರ ಮಧ್ಯಾಹ್ನ 1:15

ಆಂಟಿ, ನಾನು ಹೋದ ವರ್ಷ ಬರೆದೆ. ನನಗೆ ಸುಸ್ತಾಗ್ತಿದ್ದದ್ದು ಪೇಪರಿನಿಂದ ಅಲ್ಲ, ಪೇಪರ್ ಮುಗಿದ ಮೇಲೆ ಗೇಟಿನ ಹತ್ರ. ಎಲ್ಲರೂ ಉತ್ತರ ಕೂಗ್ತಾರೆ. ನನ್ನದು 14 ಬಂದಿತ್ತು, ಫ್ರೆಂಡಿಗೆ 16. ಮನೆ ತಲುಪೋ ತನಕ ಅದೇ. ರಾತ್ರಿ ವಾಟ್ಸ್ಯಾಪ್ ಗ್ರೂಪಲ್ಲಿ ಮತ್ತೆ ಅದೇ. ಆಮೇಲೆ ಗೊತ್ತಾಯ್ತು 14ಏ ಸರಿ, ಅಷ್ಟರಲ್ಲಿ ಎರಡು ದಿನ ಹೋಗಿತ್ತು. ಭಾಗ 2ರ ನಂತರ ಅಣ್ಣ ಗೇಟಿನ ಎದುರೇ ನಿಂತು ಸೀದಾ ರಿಕ್ಷಾ ಹತ್ತಿಸ್ತಿದ್ದ. ಗ್ರೂಪು ಅಮ್ಮನ ಫೋನಿಗೆ ಹಾಕಿದ್ವಿ, ಹಾಲ್ ಟಿಕೆಟಿನ ವಿಷಯ ಬಂದ್ರೆ ಮಾತ್ರ ಅಮ್ಮ ಹೇಳ್ತಿದ್ರು.

ಮತ್ತೆ ಅಂಕಲ್ ಪೆನ್ಸಿಲ್ ಇಟ್ಕೊಂಡು ಕೂರೋದು ಬೇಡ ಅಂತ ಹೇಳಿ ಆಂಟಿ, ಪ್ಲೀಸ್. ಬರೆದು ಕೊಟ್ಟು ಬಂದಿರೋ ಪೇಪರನ್ನ ಏನೂ ಮಾಡೋಕಾಗಲ್ಲ. ಆದ್ರೆ ಅಪ್ಪನ ಮುಖ ನೋಡಿದ್ರೆ ಅದು ಫೇಲ್ ಆದ ಹಾಗೇ ಅನಿಸುತ್ತೆ.

ಭಾಂಡುಪಿನ ಅಜ್ಜಿಮನೆ · ಸೋಮವಾರ ಸಂಜೆ 4:00

ಊಟದ ಬಗ್ಗೆ ನಾನು ಹೇಳ್ತೇನೆ. ನಾಲ್ಕು ತುತ್ತಿಗೆ ಎದ್ದ ಅಂದ್ರಿ. ಪೇಪರಿಂದ ಬಂದ ಕೂಡಲೇ ಅನ್ನ ಸಾಂಬಾರ್ ಇಟ್ಟರೆ ಹೋಗುವುದಿಲ್ಲ ಮಾರಾಯ್ರೆ, ಈ ಮಾರ್ಚಿನ ಸೆಕೆಯಲ್ಲಿ ಬೆವರಿ ಬಂದಿರ್ತಾರೆ. ಮೊದಲು ಉಪ್ಪು, ಜಜ್ಜಿದ ಶುಂಠಿ ಹಾಕಿದ ನೀರು ಮಜ್ಜಿಗೆ ಒಂದು ಲೋಟ. ಅರ್ಧ ಗಂಟೆ ಬಿಟ್ಟು ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸ್ವಲ್ಪ ತುಪ್ಪ. ಗಂಜಿ ಬೇಡ ಅಂದರೆ ಮೊಸರವಲಕ್ಕಿ. ಮೀನು ತಿನ್ನುವ ಮನೆಯಾದರೆ ಸಾದಾ ಮೀನು ಸಾರು ಕೊಡಬಹುದು, ಹುರಿದದ್ದು ಬೇಡ.

ಪೇಪರಿನ ದಿನ ಬೆಳಗ್ಗೆ ಎಂಟೂವರೆಗೆ ತಿಂಡಿ. ಹತ್ತೂವರೆಗೆ ಸೆಂಟರಲ್ಲಿ ಇರಬೇಕಲ್ಲ, ಅಷ್ಟರಲ್ಲಿ ಹೊಟ್ಟೆ ಹಗುರ ಆಗಿರ್ತದೆ. ಇಡ್ಲಿ, ನೀರುದೋಸೆ, ಒಂದು ಮೊಟ್ಟೆ ಅಥವಾ ಮೊಳಕೆ ಕಾಳು. ಬರೀ ಚಹಾ ಬಿಸ್ಕತ್ತಿನ ಮೇಲೆ ಕಳಿಸಬೇಡಿ, ಹನ್ನೆರಡಕ್ಕೆ ಕೈ ನಡುಗ್ತದೆ. ಸ್ಟೇಷನ್ ಹೊರಗಿನ ವಡಾಪಾವ್, ಬರ್ಫದ ಗೋಲ, ಇವೆಲ್ಲ ಭೂಗೋಳ ಮುಗಿದ ಮರುದಿನ ನೀವೇ ಕರ್ಕೊಂಡು ಹೋಗಿ ಕೊಡಿಸಿ. ಈಗ ಹೊಟ್ಟೆ ಕೆಟ್ಟರೆ ಮೂರು ದಿನ ಹೋಯ್ತು.

ಫೋರ್ಟ್ ಮಾಣಿ · ಸೋಮವಾರ ರಾತ್ರಿ 9:30

ನನಗೀಗ ಎಪ್ಪತ್ತು ದಾಟಿದೆ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೀತಿದ್ದಾಳೆ.

ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಮುಂಬಯಿ ಫೋರ್ಟಿನ ಒಂದು ಹೋಟೆಲಲ್ಲಿ ಮಾಣಿಯಾದೆ. ಹಗಲು ಟೇಬಲ್ ಒರೆಸೋದು, ರಾತ್ರಿ ಕನ್ನಡ ರಾತ್ರಿ ಶಾಲೆ. ಆಗ ಎಸ್‌ಎಸ್‌ಸಿ ಅಂದರೆ ಹನ್ನೊಂದನೇ ಕ್ಲಾಸು. ಶಾಲೆ ಬಿಟ್ಟು ಬಂದು ಮಲಗುವಾಗ ಹನ್ನೊಂದು, ಐದಕ್ಕೆ ಇಡ್ಲಿ ಪಾತ್ರೆ ಇಳಿಸುವ ಸದ್ದಿಗೆ ಎಚ್ಚರ. ಪರೀಕ್ಷೆಯ ತಿಂಗಳು ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತಿದ್ದ ಧಣಿಗಳು ಬೆಳಗಿನ ಪಾಳಿ ಬಿಡಿಸಿದರು. ಆದರೂ ನಾಲ್ಕೈದು ದಿನದಲ್ಲಿ ನನಗೆ ಕಣ್ಣು ಕತ್ತಲೆ ಬರಲಿಕ್ಕೆ ಶುರುವಾಯಿತು.

ಅಡುಗೆಯ ಭಟ್ಟರು ನೋಡಿದರು. ಮಾತು ಕಡಿಮೆಯ ಮನುಷ್ಯ, ಓದು ಬರಹ ಸಹಿಗೆ ಮಾತ್ರ. ಮರುದಿನ ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳನ್ನು ಸರಿಸಿ, ಎರಡು ಖಾಲಿ ಗೋಣಿ ಹಾಸಿ "ಮಲಗು" ಅಂದರು. ಬಾಗಿಲು ಎಳೆದುಕೊಂಡು ಹೊರಗೆ ಅದಕ್ಕೇ ಬೆನ್ನು ಕೊಟ್ಟು ಕೂತು, ಹಸಿಮೆಣಸಿನ ತೊಟ್ಟು ತೆಗೀತಿದ್ದರು. ಯಾರಾದರೂ ಸಾಮಾನಿಗೆ ಬಂದರೆ "ನಾಲ್ಕಕ್ಕೆ ಬಾ" ಅನ್ನೋದು ಒಳಗೆ ಕೇಳಿಸ್ತಿತ್ತು. ಇಂಗು, ಬ್ಯಾಡಗಿ ಮೆಣಸಿನ ವಾಸನೆಯ ನಡುವೆ ನಾನು ಸತ್ತ ಹಾಗೆ ನಿದ್ದೆ ಮಾಡ್ತಿದ್ದೆ. ಪರೀಕ್ಷೆ ಮುಗಿಯುವ ತನಕ ಒಂದು ದಿನವೂ ತಪ್ಪಲಿಲ್ಲ. ಪೇಪರ್ ಹೇಗಾಯಿತು ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಕೇಳ್ತಿದ್ದದ್ದು "ಹಸಿವಾ?" ಅಂತ.

ತಂಗಿ, ನಿನ್ನ ಗಂಡನಿಗೆ ಇದನ್ನು ಓದಿಸು. ಅವನಿಗೆ ಮಗನಿಗಾಗಿ ಏನಾದರೂ ಮಾಡಬೇಕು ಅಂತ ಇದೆ, ಪಾಪ, ಆ ಪೆನ್ಸಿಲ್ ಬಿಟ್ಟರೆ ಬೇರೆ ದಾರಿ ಗೊತ್ತಾಗಿಲ್ಲ. ಬಾಗಿಲು ಕಾಯುವ ಕೆಲಸ ಕೊಡು.

ವಾಸ್ಕೊ ಬಾಯಿ · ಸೋಮವಾರ ರಾತ್ರಿ 10:05

ಅಜ್ಜಾರ ಮಾತು ಓದಿ ಕಣ್ಣು ತುಂಬಿ ಬಂತು. ನಾನು ಗೋವಾದಿಂದ. ಒಂದು ವಿಷಯ ಸೇರಿಸ್ತೀನಿ, ಅಕ್ಕ. ಹುಡುಗ ನಿದ್ದೇನೇ ಮಾಡ್ತಿಲ್ಲ, ಊಟ ಪೂರ್ತಿ ಬಿಟ್ಟ, ಅಥವಾ "ನಾನಿದ್ದು ಏನು ಪ್ರಯೋಜನ" ಅನ್ನೋ ಥರ ಮಾತಾಡಿದ ಅಂದ್ರೆ ಅದನ್ನ ಸುಸ್ತು ಅಂತ ಬಿಡಬೇಡಿ. 14416 ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರಿಂದ ಇದೆ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ತಂಗಿ ಮಗಳಿಗಾಗಿ ನಾನೇ ಮಾಡಿದ್ದೆ. ಒಂದು ವಿಷಯ ಹೋದರೂ ಜುಲೈ ಹೊತ್ತಿಗೆ ಮತ್ತೆ ಬರೆಯೋ ಅವಕಾಶ ನಿಮ್ಮ ಬೋರ್ಡಲ್ಲೂ ಇದೆ. ಅದನ್ನ ಮಗುವಿಗೆ ಈಗಲೇ ಬಾಯಿಬಿಟ್ಟು ಹೇಳಿ.

ಡೊಂಬಿವಲಿ ಅಮ್ಮ · ಶುಕ್ರವಾರ ರಾತ್ರಿ 8:40

ಇಷ್ಟು ದಿನ ಬರೆಯೋಕಾಗಲಿಲ್ಲ, ಕ್ಷಮಿಸಿ. ಗಣಿತ ಎರಡೂ ಆಯ್ತು.

ಸೋಮವಾರ ರಾತ್ರಿ ಯಜಮಾನರು ಊಟ ಮಾಡುವಾಗ ಅಜ್ಜ ಬರೆಸಿದ್ದನ್ನು ಗಟ್ಟಿಯಾಗಿ ಓದಿದೆ. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಆವರೆಗಿನ ಪ್ರಶ್ನೆಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿ ಕಪಾಟಿನ ಮೇಲಿನ ಮಿಕ್ಸರ್ ಡಬ್ಬಿಯಲ್ಲಿ ಹಾಕಿಟ್ಟರು. ಆಮೇಲೆ "ಬಾರೋ, ಕೆಳಗೆ ಒಂದು ಸುತ್ತು ಹಾಕಿ ಬರೋಣ" ಅಂತ ಮಗನನ್ನು ಕರೆದರು. ಈಗ ದಿನಾ ಊಟ ಆದ ಮೇಲೆ ಹದಿನೈದು ನಿಮಿಷ ಇಬ್ಬರೂ ನಡೀತಾರೆ. ಏನು ಮಾತಾಡ್ತಾರೋ ನಾನು ಕೇಳಿಲ್ಲ. ಬಂದ ಮೇಲೆ ಹತ್ತೂಮುಕ್ಕಾಲಿಗೆ ದೀಪ ಆರಿಸೋದು.

ಬುಧವಾರ ಮೂರು ಅಂಕದ ಒಂದು ಲೆಕ್ಕ ಬಿಟ್ಟು ಬಂದ. ಹೇಳುವಾಗ ಗಂಟಲು ಕಟ್ಟಿತು. ಮಜ್ಜಿಗೆ ಕೊಟ್ಟೆ, ಗಂಜಿ ಕೊಟ್ಟೆ, ಎರಡು ಬಟ್ಟಲು ಉಂಡು ಮಲಗಿದ. ಮಾವ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತರು, ಕೊರಿಯರ್ ಹುಡುಗ ಬೆಲ್ ಒತ್ತೋ ಮೊದಲೇ ಎದ್ದು ಹೋಗಿ ಪಾರ್ಸೆಲ್ ತಗೊಂಡರು. ನಾಲ್ಕೂವರೆಗೆ ತಾನೇ ಎದ್ದು ಕೈವಾರದ ತಿರುಪು ಬಿಗಿ ಮಾಡ್ತಾ ಕೂತಿದ್ದ. ಟೀಚರ್, ನಿಜವಾಗಿಯೂ ಅದು ಸಡಿಲ ಇತ್ತು!

ದಣಿವು ಪೂರ್ತಿ ಹೋಗಿದೆ ಅಂತ ಹೇಳಲ್ಲ. ಇವತ್ತೂ ಮುಖ ಸಣ್ಣಗಾಗಿದೆ. ಆದ್ರೆ ಊಟ ಮಾಡ್ತಿದ್ದಾನೆ, ಮಾತಾಡ್ತಿದ್ದಾನೆ.

ಸೋಮವಾರ ವಿಜ್ಞಾನ 1. ಈಗ ಪುಸ್ತಕ ಮುಚ್ಚಿಟ್ಟು ಮಸೂರದ ಕಿರಣಚಿತ್ರ ಬಿಡಿಸಿ ಅತ್ತೆಗೆ ಪಾಠ ಹೇಳ್ತಿದ್ದಾನೆ. ಅತ್ತೆ ತಮ್ಮ ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು, ಇದು ಯಾವ ಮಸೂರ, ಸರಿಯಾಗಿ ನೋಡಿ ಹೇಳು ಅಂತಿದ್ದಾರೆ.